ಹೊಳೆಗೆ ಹೋಗುವ ದಾರಿ ಮುಚ್ಚದಿರಲಿ: ಜನಕ್ಕೂ ಜೀವಿಗಳಿಗೂ ದಂಡೆ ಉಳಿಸಿಕೊಳ್ಳುವುದು ಹೇಗೆ?

ಶಿವರಾತ್ರಿ ಹೊತ್ತಿಗೆ ತುಂಗೆ ಇಳಿಯುತ್ತಾಳೆ. ಆಷಾಢದಲ್ಲಿ ಕೆಂಪಗೆ ಉಕ್ಕಿ ಹರಿದ ಹೊಳೆ ಇದೇನಾ ಅನ್ನಿಸುವ ಹಾಗೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತದೆ. ಆಗ ಮೇಲೆ ಕಾಣಿಸುವುದೇ ಮರಳು ದಿಬ್ಬ. ಚಿಕ್ಕವರಿದ್ದಾಗ ನಮ್ಮ ಬೇಸಿಗೆ ರಜೆ ಪೂರ್ತಿ ಕಳೆದದ್ದು ಅದರ ಮೇಲೆ. ತೀರ್ಥಹಳ್ಳಿ ಕಡೆಯ ನಮ್ಮೂರಿನಿಂದ ಅಲ್ಲಿಗೆ ಒಂದು ಕಾಲುದಾರಿ ಇತ್ತು. ಎರಡು ಅಡಿಕೆ ತೋಟಗಳ ನಡುವೆ ಹೋಗಿ, ಒಂದು ಕಾಲುಸಂಕ ದಾಟಿ, ಹೊಳೆಮತ್ತಿ ಮರದ ಬುಡದಲ್ಲಿ ನೀರಿಗೆ ಇಳಿಯುತ್ತಿತ್ತು.

ಕೆಲವು ವರ್ಷದ ಹಿಂದೆ ಆ ದಾರಿಗೆ ತಂತಿ ಬೇಲಿ ಬಿತ್ತು. ಯಾರೂ ಜಗಳ ಮಾಡಲಿಲ್ಲ. ಮನೆಗೆ ನಲ್ಲಿ ಬಂದಿತ್ತು, ಬಟ್ಟೆ ತೊಳೆಯಲು ಮೆಷಿನ್ ಬಂದಿತ್ತು, ಹೊಳೆಗೆ ಹೋಗುವ ಕೆಲಸವೇ ಯಾರಿಗೂ ಉಳಿದಿರಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ದಾರಿ ತುಂಬ ಲಂಟಾನ. ಮೂರನೇ ಬೇಸಿಗೆಯಲ್ಲಿ ಆಚೆ ದಡದಿಂದ ಟ್ರ್ಯಾಕ್ಟರ್ ಇಳಿದು ರಾತ್ರಿ ಹೊತ್ತು ಮರಳು ತುಂಬಿಕೊಂಡು ಹೋಗುತ್ತಿತ್ತು. ನಮಗೆ ಗೊತ್ತಾದದ್ದು ದಿಬ್ಬ ಪೂರ್ತಿ ಹೋದ ಮೇಲೆ. ಗೊತ್ತಾಗುವುದಾದರೂ ಹೇಗೆ? ನೋಡುವುದಕ್ಕೆ ಅಲ್ಲಿ ಯಾರೂ ಇರಲಿಲ್ಲವಲ್ಲ. ಪ್ರತಿ ಬೇಸಿಗೆ ಅದೇ ದಿಬ್ಬದ ಮೇಲೆ ಟಿಟ್ಟಿಭ ಹಕ್ಕಿ ಮೊಟ್ಟೆ ಇಡುತ್ತಿತ್ತು. ಆ ವರ್ಷ ಅದು ಸುಮಾರು ದಿನ ಖಾಲಿ ಬಂಡೆಗಳ ಮೇಲೆ ಕೂಗುತ್ತಾ ಸುತ್ತಿದ್ದು ನನಗಿನ್ನೂ ನೆನಪಿದೆ.

ಕಾಡುಜೀವಿಗಳಿಗೆ ದಂಡೆ ಉಳಿಯಬೇಕು ಅಂದರೆ ಜನರನ್ನು ಹೊರಗಿಡಬೇಕು ಅಂತ ತುಂಬ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಊರಿನವರು ಓಡಾಡುವ ದಂಡೆಗೆ ಕಾವಲು ತಾನಾಗಿಯೇ ಇರುತ್ತದೆ. ದಾರಿ ಮುಚ್ಚಿತು ಅಂದರೆ ಕಾವಲೂ ಹೋಯಿತು. ಹಾಗಂತ ಎಲ್ಲರೂ ಎಲ್ಲ ಕಡೆ ಯಾವಾಗ ಬೇಕಾದರೂ ಹೋದರೆ ಗೂಡು ಉಳಿಯುವುದಿಲ್ಲ. ಎಲ್ಲಿ ಓಡಾಡಬೇಕು, ಯಾವ ತಿಂಗಳು ಯಾವ ಜಾಗ ಬಿಡಬೇಕು ಅನ್ನುವುದನ್ನು ಊರು ಕೂತು ಗೊತ್ತು ಮಾಡಿಕೊಳ್ಳಬೇಕು. ನಾವು ಆ ದಾರಿ ತೆರೆಸಿ, ದಂಡೆ ನೋಡಿಕೊಳ್ಳಲು ಶುರು ಮಾಡಿದಾಗ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ತುಂಗೆಯ ಹೆಸರು ಹೇಳಿದರೂ ಭದ್ರೆ, ಶರಾವತಿ, ವರದಾ, ಮಾಲತಿ ಯಾವ ಹೊಳೆಯ ಊರಿಗಾದರೂ ಇದು ಹೊಂದುತ್ತದೆ.

ಒಂದು ಮಾತು ಮೊದಲೇ ತಿಳಿದಿರಲಿ. ಘಟ್ಟದ ಕೆಳಗೆ ಕಡಲ ದಂಡೆಗೆ 1991ರಿಂದ ಕರಾವಳಿ ನಿಯಂತ್ರಣ ವಲಯದ ನಿಯಮ ಇದೆ. 2011 ಮತ್ತು 2019ರಲ್ಲಿ ಅದನ್ನು ಮತ್ತೆ ಬರೆದರು. ಉಬ್ಬರದ ನೀರು ಎಲ್ಲಿಯವರೆಗೆ ಬರುತ್ತದೆ ಅಂತ ಗೆರೆ ಹಾಕಿ, ಅದರಿಂದ ಇಷ್ಟು ದೂರದಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಅಂತ ಅದು ಹೇಳುತ್ತದೆ. ಹೊನ್ನಾವರದಲ್ಲಿ ಶರಾವತಿಯೊಳಗೆ ಉಬ್ಬರದ ನೀರು ನುಗ್ಗುವ ಭಾಗಕ್ಕೂ ಅದು ಅನ್ವಯಿಸುತ್ತದೆ. ಆದರೆ ಅದೇ ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಜೋಗದವರೆಗೆ ಹರಿಯುವ ದಾರಿಯಲ್ಲಿ ಆ ನಿಯಮ ಇಲ್ಲ. ಮಲೆನಾಡಿನವರು ಬೇರೆ ಬೇರೆ ಕಾಯ್ದೆಯ ತುಂಡುಗಳನ್ನು ಸೇರಿಸಿ ಕೆಲಸ ಮಾಡಬೇಕು. ಕಷ್ಟ, ಆದರೆ ಆಗುತ್ತದೆ.

ಮೊದಲು ಒಂದು ವರ್ಷ ನಡೆದು ನೋಡಿ

ಅರ್ಜಿ, ಸಭೆ, ಬೋರ್ಡು ಯಾವುದಕ್ಕೂ ಅವಸರ ಬೇಡ. ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ ದಂಡೆಯ ಮೇಲೆ ನಡೆಯಿರಿ. ಒಬ್ಬರೇ ಹೋಗಬೇಡಿ. ಮಕ್ಕಳಿದ್ದರೆ ಕರೆದುಕೊಂಡು ಹೋಗಿ, ಅವರ ಕಣ್ಣು ನಮಗಿಂತ ಚುರುಕು. ತಾರೀಕು, ನೀರು ಎಲ್ಲಿದೆ, ಏನು ಕಂಡಿತು, ಯಾರು ಸಿಕ್ಕರು, ಇಷ್ಟು ಬರೆದರೆ ಸಾಕು. ನೀರಿನ ಮಟ್ಟಕ್ಕೆ ಒಂದು ಗುರುತು ಇಟ್ಟುಕೊಳ್ಳಿ. ನಮ್ಮದು ಆ ಹೊಳೆಮತ್ತಿ ಮರ. ಬುಡದಿಂದ ನೀರಿಗೆ ಎಷ್ಟು ಹೆಜ್ಜೆ ಅಂತ ಪ್ರತಿ ಸಲ ಎಣಿಸುತ್ತೇವೆ.

ಏನು ಹುಡುಕಬೇಕು? ಮೊದಲು ನೀರುನಾಯಿಯ ಗುರುತು. ನೀರುನಾಯಿ ಕಣ್ಣಿಗೆ ಬೀಳುವುದು ಅಪರೂಪ, ಆದರೆ ಅದರ ಲದ್ದಿ ಸಿಗುತ್ತದೆ. ನೀರಿನ ಅಂಚಿನ ಎತ್ತರದ ಬಂಡೆ ಅಥವಾ ಮರಳಿನ ಮೇಲೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಾಕುತ್ತದೆ. ಕಡ್ಡಿಯಿಂದ ಕೆದಕಿ ನೋಡಿ. ಮೀನಿನ ಪೊರೆ, ಮುಳ್ಳು, ಏಡಿಯ ಚಿಪ್ಪು ಇದ್ದು ಮೀನಿನ ವಾಸನೆ ಬಂದರೆ ಅದೇ. ದೊಡ್ಡ ಹೊಳೆಯಲ್ಲಿ ಗುಂಪಾಗಿ ಈಜುವುದು ನುಣುಪು ಮೈಯ ದೊಡ್ಡ ಜಾತಿ. ಕಾಡಿನೊಳಗಿನ ಹಳ್ಳಗಳಲ್ಲಿ ಇರುವುದು ಸಣ್ಣ ಉಗುರಿನ ಚಿಕ್ಕ ಜಾತಿ, ಅದು ಜಾಸ್ತಿ ಏಡಿ ತಿನ್ನುತ್ತದೆ. ಲದ್ದಿಯಲ್ಲಿ ಬರೀ ಏಡಿ ಚಿಪ್ಪು ಇದ್ದರೆ ಯಾವುದು ಅಂತ ಊಹಿಸಬಹುದು. ಎರಡೂ ಜಾತಿಗೆ ಮರದ ಬೇರಿನ ಪೊಟರೆ, ಬಂಡೆ ಸಂದು, ದಂಡೆಯ ಪೊದೆ ಬೇಕೇ ಬೇಕು. ದಂಡೆ ಸ್ವಚ್ಛ ಮಾಡುತ್ತೇವೆ ಅಂತ ಹೋಗಿ ಪೊದೆ ಪೂರ್ತಿ ಸವರುವವರು ಅವುಗಳ ಮನೆಯನ್ನೇ ತೆಗೆಯುತ್ತಿದ್ದಾರೆ.

ಆಮೇಲೆ ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳು. ಗೂಡು ಅನ್ನುವುದೂ ಹೆಚ್ಚಾಯಿತು. ಮರಳಿನಲ್ಲಿ ಒಂದು ಸಣ್ಣ ಕುಳಿ, ಅಷ್ಟೇ. ಮೊಟ್ಟೆ ನೋಡಲು ಕಲ್ಲಿನ ಹಾಗೇ ಇರುತ್ತದೆ, ಕಾಲಿಟ್ಟ ಮೇಲೆಯೇ ತಿಳಿಯುವುದು. ಟಿಟ್ಟಿಭ ನಿಮ್ಮ ತಲೆಯ ಮೇಲೆ ಹಾರಿ ಕಿರುಚುತ್ತಿದ್ದರೆ ನೀವು ಗೂಡಿನ ಹತ್ತಿರ ಇದ್ದೀರಿ ಅಂತ ಅರ್ಥ. ನಿಂತು, ಕಾಲ ಕೆಳಗೆ ನೋಡಿಕೊಂಡು, ಬಂದ ಹೆಜ್ಜೆಯಲ್ಲೇ ಹಿಂದೆ ಹೋಗಿ. ಭದ್ರಾ ಜಲಾಶಯದಲ್ಲಿ ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೇಳುವ ನಡುಗಡ್ಡೆಗಳಿಗೆ ರಿವರ್ ಟರ್ನ್ ಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ಬಂದು ಹೀಗೇ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಈ ಹಕ್ಕಿಗೆ ಬೇಕಾದದ್ದು ಮರವೂ ಅಲ್ಲ, ಪೊದೆಯೂ ಅಲ್ಲ. ಯಾರೂ ಬರದ ಬೋಳು ದಿಬ್ಬ ಮತ್ತು ಸುತ್ತ ನೀರು.

ದಂಡೆಯ ಮಣ್ಣಿನ ಧರೆಯನ್ನೂ ನೋಡಿ. ಕೈ ತೂರುವಷ್ಟು ದುಂಡಗಿನ ತೂತು ಇದ್ದರೆ ಅದು ಮಿಂಚುಳ್ಳಿಯದ್ದಿರಬಹುದು, ಕಳ್ಳಿಪೀರದ್ದಿರಬಹುದು. ಕೈ ಹಾಕಿ ನೋಡುವುದು ಬೇಡ, ಹಾವೂ ಇರಬಹುದು. ಮರಳಿನಲ್ಲಿ ಆಮೆ ತೆವಳಿದ ಗೆರೆ ಕಂಡರೆ ಅದನ್ನೂ ಬರೆದಿಡಿ.

ಬೇಸಿಗೆಯಲ್ಲಿ ಕಾಡಿನ ಅಂಚಿನ ದಂಡೆಗೆ ಹೋಗುವವರು ಉಣುಗಿನ ಬಗ್ಗೆ ಎಚ್ಚರ ಇಟ್ಟುಕೊಳ್ಳಿ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದೇ 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮೈ ಪೂರ್ತಿ ಮುಚ್ಚುವ ಬಟ್ಟೆ ಹಾಕಿ. ಆಶಾ ಕಾರ್ಯಕರ್ತೆಯರನ್ನು ಕೇಳಿ ಉಣುಗು ತಡೆಯುವ ಎಣ್ಣೆ ಹಚ್ಚಿಕೊಳ್ಳಿ. ಬಂದ ಕೂಡಲೇ ಬಿಸಿ ನೀರಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿ ನೀರಿಗೆ ಹಾಕಿ. ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ಹೇಳಿ.

ದಾರಿ ಯಾರದ್ದು ಅಂತ ಕಾಗದದಲ್ಲಿ ನೋಡಿ

ಇದು ಬೇಜಾರಿನ ಕೆಲಸ. ಆದರೆ ಇದನ್ನು ಬಿಟ್ಟು ಮುಂದೆ ಹೋದವರು ಅರ್ಧ ದಾರಿಯಲ್ಲಿ ನಿಂತಿದ್ದಾರೆ.

ಗ್ರಾಮ ನಕಾಶೆ ತೆಗೆಸಿ. ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ, ಸಿಗದಿದ್ದರೆ ತಾಲ್ಲೂಕು ಕಚೇರಿಯ ಸರ್ವೆ ಶಾಖೆಯಲ್ಲಿ ಕೇಳಿ. ಅದರಲ್ಲಿ ಹೊಳೆ, ಹಳ್ಳ, ಸರ್ವೆ ನಂಬರಿನ ಗಡಿ ಎಲ್ಲ ಇರುತ್ತದೆ. ಚುಕ್ಕಿ ಚುಕ್ಕಿಯ ಒಂದು ಗೆರೆ ಕಾಲುದಾರಿ. ಚುಕ್ಕಿಯ ಜೋಡಿ ಗೆರೆ ಗಾಡಿದಾರಿ. ನಿಮ್ಮೂರಿನ ಹೊಳೆ ದಾರಿ ಅದರಲ್ಲಿ ಕಂಡರೆ ಅರ್ಧ ಕೆಲಸ ಆದ ಹಾಗೆ. ನಮ್ಮ ನಕಾಶೆಯಲ್ಲಿ ಆ ಚುಕ್ಕಿ ಗೆರೆ ನೋಡಿದ ದಿನ ಊರಿನ ಹಿರಿಯರೊಬ್ಬರು ಬೆರಳಿಟ್ಟು, "ಇದೇ ನೋಡ ತಮ್ಮಾ, ಅಪ್ಪಯ್ಯ ಎತ್ತಿಗೆ ಸ್ನಾನ ಮಾಡ್ಸಕ್ಕೆ ಹೋಗ್ತಿದ್ದ ದಾರಿ" ಅಂದರು. ಅವರ ಕಣ್ಣು ಒದ್ದೆಯಾಗಿತ್ತು.

ಆಮೇಲೆ ದಾರಿಯ ಎರಡೂ ಬದಿಯ ಜಮೀನಿನ ಪಹಣಿ ನೋಡಿ. 3ನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ 'ಅ' ಖರಾಬು, 'ಬ' ಖರಾಬು ಅಂತ ಬೇರೆ ಬೇರೆ ಇರುತ್ತದೆ. 'ಅ' ಅಂದರೆ ಸಾಗುವಳಿಗೆ ಬಾರದ ಜಾಗ. 'ಬ' ಅಂದರೆ ದಾರಿ, ಹಳ್ಳ, ಸ್ಮಶಾನದ ಹಾಗೆ ಸಾರ್ವಜನಿಕರಿಗೆ ಬಿಟ್ಟ ಜಾಗ. ಪಹಣಿ ಯಾರ ಹೆಸರಿನಲ್ಲೇ ಇರಲಿ, 'ಬ' ಖರಾಬು ಅವರ ಸ್ವಂತದ್ದಲ್ಲ. ಹೊಳೆ ಮತ್ತು ಅದರ ಪಾತ್ರ ಕೂಡ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ಸರ್ಕಾರದ್ದು. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ದಂಡೆಯ ಮೇಲೆ ನಿಂತರೆ ನೀವು ಯಾವ ಸರ್ವೆ ನಂಬರಿನಲ್ಲಿದ್ದೀರಿ ಅಂತ ತೋರಿಸುತ್ತದೆ. ಅದು ಅಂದಾಜಿಗೆ ಮಾತ್ರ. ತಕರಾರು ಬಂದರೆ ಸರ್ವೆಯರ್ ಬಂದು ಅಳೆಯಲೇಬೇಕು.

ಕಾಗದ ಕೊಡಲು ಕಚೇರಿಯಲ್ಲಿ ಅಲೆದಾಡಿಸಿದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಬರಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ ಅನ್ನುವ ನಿಯಮ ಇದೆ. ಆದ್ದರಿಂದ ಕಥೆ ಬರೆಯಬೇಡಿ. 'ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಖರಾಬು ವಿವರ ಮತ್ತು ನಕಾಶೆಯ ಪ್ರತಿ ಕೊಡಿ' ಅಂತ ಎರಡು ಸಾಲು ಸಾಕು.

ಬೇಲಿ ಹಾಕಿದವರ ಮನೆಗೆ ಮೊದಲು ಹೋಗಿ

ಕಾಗದ ಕೈಗೆ ಬಂದ ಕೂಡಲೇ ತಹಶೀಲ್ದಾರರ ಹತ್ತಿರ ಓಡಬೇಡಿ. ಬೇಲಿ ಹಾಕಿದವರು ನಿಮ್ಮ ನೆರೆಯವರು. ನಾಳೆ ಮದುವೆಗೆ, ಕೊನೆ ಕೊಯ್ಲಿಗೆ ಒಬ್ಬರಿಗೊಬ್ಬರು ಬೇಕು. ಎಷ್ಟೋ ಸಲ ಬೇಲಿ ಹಾಕಿದ್ದು ಜಾಗದ ಆಸೆಗಲ್ಲ, ದನ ನುಗ್ಗಿ ಸಸಿ ತಿಂದದ್ದಕ್ಕೆ. ಅಥವಾ ಪೇಟೆಯಿಂದ ಬಂದವರು ತೋಟದಲ್ಲಿ ಬಾಟಲಿ ಒಡೆದು ಹೋಗಿದ್ದಕ್ಕೆ. ಆ ಸಿಟ್ಟು ನ್ಯಾಯವಾದದ್ದೇ.

ನಾವು ಹೋಗಿ ಕೂತು ಕಾಫಿ ಕುಡಿದು, "ಭಾವ, ಬೇಲಿ ತೆಗೀರಿ ಅಂತ ಬಂದದ್ದಲ್ಲ. ಒಂದು ತಡಮೆ ಇಡೋಣ, ಖರ್ಚು ನಮ್ಮದು" ಅಂದೆವು. ತಡಮೆ ಅಂದರೆ ಗೊತ್ತಲ್ವಾ? ಮನುಷ್ಯ ದಾಟಬಹುದು, ದನ ದಾಟಲಾಗದು. ನಮ್ಮ ಅಜ್ಜಂದಿರು ಈ ತೊಂದರೆಗೆ ಯಾವತ್ತೋ ಕಂಡುಕೊಂಡ ಉಪಾಯ. ದನವೂ ಹೊಳೆಗೆ ಹೋಗಬೇಕಾದ ಕಡೆ ದಣಪೆ ಇಟ್ಟರಾಯಿತು, ಗಳ ಸರಿಸಿ ಹೋಗಿ ಮತ್ತೆ ಹಾಕಿದರಾಯಿತು. ಅವರು ಒಂದು ಷರತ್ತು ಹಾಕಿದರು. ವಾಹನ ಒಳಗೆ ಬರಬಾರದು. ನಮಗೂ ಬೇಕಾದದ್ದು ಅದೇ. ದಂಡೆಯವರೆಗೆ ಕಾರು, ಟ್ರ್ಯಾಕ್ಟರ್ ಹೋಗದಂತೆ ಮಾಡಿದರೆ ಕಸವೂ ಕಡಿಮೆ, ಮರಳು ಕಳ್ಳತನವೂ ಕಡಿಮೆ. ಕಾಲುದಾರಿಯನ್ನು ಕಾಲುದಾರಿಯಾಗಿಯೇ ಉಳಿಸಿ. ಅಗಲ ಮಾಡಿಸಿ ಟಾರು ಹಾಕಿಸುತ್ತೇನೆ ಅಂತ ಯಾರಾದರೂ ಬಂದರೆ ಕೈ ಮುಗಿದು ಬೇಡ ಅನ್ನಿ. ನಡೆಯಲು ಆಗದ ಹಿರಿಯರಿಗೆ ಕೈಹಿಡಿಗೆ ಒಂದು ಬಿದಿರು ಕಟ್ಟಿ, ಜಾರುವ ಕಡೆ ಜಂಬಿಟ್ಟಿಗೆ ಕಲ್ಲಿನ ಮೆಟ್ಟಿಲು ಇಟ್ಟರೆ ಸಾಕು.

ಮಾತಿನಲ್ಲಿ ಆಗಲೇ ಇಲ್ಲ ಅಂದರೆ ಮಾತ್ರ ಗ್ರಾಮ ಆಡಳಿತ ಅಧಿಕಾರಿಯ ಮೂಲಕ ತಹಶೀಲ್ದಾರರಿಗೆ ಅರ್ಜಿ ಕೊಡಿ. ನಕಾಶೆ, ಪಹಣಿ ಪ್ರತಿ, ಫೋಟೋ ಜೊತೆಗಿರಲಿ. ಹತ್ತಾರು ಮನೆಯವರ ಸಹಿ ಇರಲಿ. ಸ್ವೀಕೃತಿ ಪಡೆಯದೆ ಕೌಂಟರ್ ಬಿಟ್ಟು ಬರಬೇಡಿ.

ಜಾಗ ಹಂಚಿ, ತಿಂಗಳು ಹಂಚಿ

ಇದೇ ಇಡೀ ಕೆಲಸದ ಜೀವ. ಇಲ್ಲಿ ಸ್ವಲ್ಪ ನಿಧಾನ ಮಾಡಿ.

ಒಂದು ವರ್ಷದ ನೋಟ್ ಪುಸ್ತಕ ತೆಗೆದು ದಂಡೆಯ ಚಿತ್ರ ದೊಡ್ಡದಾಗಿ ಬರೆಯಿರಿ. ದೇವಸ್ಥಾನದ ಅಂಗಳದಲ್ಲೋ ಶಾಲೆಯ ಜಗಲಿಯಲ್ಲೋ ಹರಡಿ. ಮೀನು ಹಿಡಿಯುವವರು, ದನ ಮೇಯಿಸುವವರು, ಬಟ್ಟೆ ಒಗೆಯುವ ಹೆಂಗಸರು, ದೇವಸ್ಥಾನದ ಅರ್ಚಕರು, ಹೊಳೆಗೆ ಪಂಪ್ ಇಟ್ಟ ತೋಟದವರು, ಎಲ್ಲರೂ ತಮ್ಮ ತಮ್ಮ ಜಾಗ ತೋರಿಸಲಿ. ಯಾವ ಜಾಗ ಯಾರಿಗೆ ಬೇಕು ಅಂತ ಗುರುತು ಹಾಕುತ್ತಾ ಹೋದರೆ ಒಂದು ವಿಷಯ ಗೊತ್ತಾಗುತ್ತದೆ. ಜನಕ್ಕೆ ಬೇಕಾದ ಜಾಗ ಬಹಳ ಸ್ವಲ್ಪ. ಸ್ನಾನಕ್ಕೆ ಒಂದು ಕಡೆ, ದನಕ್ಕೆ ಒಂದು ಕಡೆ, ಮಕ್ಕಳು ಆಡಲು ಆಳವಿಲ್ಲದ ಒಂದು ಕಡೆ. ಉಳಿದ ದಂಡೆಗೆ ನಾವು ಹೋಗುವುದು ಅಭ್ಯಾಸಕ್ಕೆ, ಅಗತ್ಯಕ್ಕಲ್ಲ.

ಆ ಉಳಿದದ್ದರಲ್ಲಿ ನೀರುನಾಯಿಯ ಬಂಡೆ, ಹಕ್ಕಿಯ ದಿಬ್ಬ, ಮೀನಿನ ಆಳದ ಗುಂಡಿ ಎಲ್ಲಿದೆಯೋ ಅಲ್ಲಿ 'ಸದ್ದಿಲ್ಲದ ಜಾಗ' ಅಂತ ಬರೆಯಿರಿ. ಅದಕ್ಕೂ ಜನರ ಜಾಗಕ್ಕೂ ನಡುವೆ ಸ್ವಲ್ಪ ಖಾಲಿ ಬಿಡಿ. ನಮ್ಮಲ್ಲಿ 50 ಹೆಜ್ಜೆ ಅಂತ ಮಾತಾಗಿದೆ. ಇದಕ್ಕೆ ಲೆಕ್ಕಾಚಾರ ಏನಿಲ್ಲ, ಟಿಟ್ಟಿಭ ಕೂಗುವುದನ್ನು ಎಲ್ಲಿ ನಿಲ್ಲಿಸುತ್ತದೆ ಅಂತ ನೋಡಿ ಇಟ್ಟುಕೊಂಡದ್ದು. ಸದ್ದಿಲ್ಲದ ಜಾಗ ನೋಡಲೇಬಾರದು ಅಂತಲ್ಲ. ದೂರದ ಬಂಡೆಯ ಮೇಲೆ ಕೂತು ನೋಡಬಹುದು.

ಮಂಡಗದ್ದೆ ನೆನಪಿಸಿಕೊಳ್ಳಿ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯ ಪಕ್ಕದಲ್ಲೇ ತುಂಗೆಯ ನಡುವೆ ಒಂದು ಪುಟ್ಟ ನಡುಗಡ್ಡೆ. ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಅಲ್ಲಿನ ಮರಗಳ ಮೇಲೆ ಗೂಡು ಕಟ್ಟುತ್ತವೆ. ಬಸ್ಸಿನಲ್ಲಿ ಹೋಗುವವರಿಗೂ ಕಾಣುತ್ತದೆ. ಹೊಳೆ ತುಂಬಿ ಹರಿಯುವಾಗ ಅಲ್ಲಿಗೆ ಯಾರೂ ಹೋಗಲಾರರು. ನೋಡಲು ಎಲ್ಲರಿಗೂ ಸಿಗುತ್ತದೆ, ಮುಟ್ಟಲು ಯಾರಿಗೂ ಸಿಗುವುದಿಲ್ಲ. ನೀರೇ ಬೇಲಿ. ನಮ್ಮ ದಂಡೆಯ ಯೋಚನೆಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಸಿಕ್ಕಿಲ್ಲ.

ಇನ್ನು ತಿಂಗಳಿನ ಲೆಕ್ಕ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಮರಳು ದಿಬ್ಬ ಹಕ್ಕಿಗಳದ್ದು. ನಮಗೂ ದಿಬ್ಬ ಬೇಕಾಗುವುದು ಅದೇ ಬೇಸಿಗೆಯಲ್ಲಿ, ಅಲ್ಲೇ ಘರ್ಷಣೆ ಬರುವುದು. ಆದ್ದರಿಂದ ದಿಬ್ಬವನ್ನು ಎರಡು ಭಾಗ ಮಾಡಿ, ಒಂದು ತುದಿಗೆ ತೆಂಗಿನ ನಾರಿನ ಹಗ್ಗ ಕಟ್ಟಿ. ನಾಲ್ಕು ಗೂಟ, ಒಂದು ಹಗ್ಗ, ಒಂದು ಸಣ್ಣ ಹಲಗೆ. ಹಲಗೆಯ ಮೇಲೆ 'ಪ್ರವೇಶವಿಲ್ಲ' ಅಂತ ಬರೆಯಬೇಡಿ. 'ಇಲ್ಲಿ ಮರಳಿನ ಮೇಲೆ ಮೊಟ್ಟೆ ಇದೆ, ಕಾಲಿಡಬೇಡಿ' ಅಂತ ಬರೆಯಿರಿ. ಕಾರಣ ಹೇಳಿದರೆ ಜನ ಕೇಳುತ್ತಾರೆ. ಬಿಸಿಲಿನಲ್ಲಿ ತಾಯಿ ಹಕ್ಕಿ ಗೂಡು ಬಿಟ್ಟು ಎದ್ದರೆ ಸ್ವಲ್ಪ ಹೊತ್ತಿನಲ್ಲೇ ಮೊಟ್ಟೆ ಬೇಯುತ್ತದೆ. ಕಾಗೆ, ನಾಯಿಗೂ ಗೊತ್ತಾಗುತ್ತದೆ. ಹಾಗಾಗಿ ಫೋಟೋ ತೆಗೆಯಲು ಹತ್ತಿರ ಹೋಗುವವರನ್ನೂ ತಡೆಯಿರಿ. ಡ್ರೋನ್ ಅಂತೂ ಬೇಡವೇ ಬೇಡ.

ಜೂನ್‌ನಲ್ಲಿ ಹೊಸ ನೀರು ಬಂದಾಗ ಹತ್ತುಮೀನು. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೀನು ಹತ್ತುವ ಆ ರಾತ್ರಿಗಳು ಮಲೆನಾಡಿನವರಿಗೆ ಹಬ್ಬ. ನನ್ನದೂ ಅದೇ ಬಾಲ್ಯ, ಬಾಯಲ್ಲಿ ನೀರು ಬರುತ್ತದೆ. ಆದರೆ ಆ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಇರುತ್ತದೆ. ಪೂರ್ತಿ ಬಿಡಿ ಅಂದರೆ ಯಾರೂ ಕೇಳುವುದಿಲ್ಲ. ಒಂದು ಹಳ್ಳವನ್ನಾದರೂ ಪೂರ್ತಿ ಮೀನಿಗೆ ಬಿಡೋಣ, ಹಳ್ಳದ ಅಡ್ಡಕ್ಕೆ ಬಲೆ ಕಟ್ಟುವುದು ಬೇಡ ಅಂತ ನಾವು ಒಪ್ಪಿಸಿದ್ದೇವೆ. ಶೃಂಗೇರಿಯ ದೇವಸ್ಥಾನದ ಮುಂದೆ ಮೀನುಗಳನ್ನು ಯಾರೂ ಮುಟ್ಟುವುದಿಲ್ಲ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲೂ ತುಂಗೆಯ ಮತ್ಸ್ಯಧಾಮ ಇದೆ. ಬಿಡುವ ಪದ್ಧತಿ ನಮ್ಮಲ್ಲಿ ಹೊಸದೇನಲ್ಲ.

ಮಳೆ ಕಳೆದು ಚಳಿ ಬಂದಾಗ ನೀರುನಾಯಿ ಮರಿಗಳ ಕಾಲ. ಪೊಟರೆ ಇರುವ ದಂಡೆಯಲ್ಲಿ ಆಗ ಕಟ್ಟಿಗೆ ಕಡಿಯುವುದು, ಪೊದೆಗೆ ಬೆಂಕಿ ಹಾಕುವುದು ನಿಲ್ಲಬೇಕು. ರಾತ್ರಿ ದೀಪವೂ ತೊಂದರೆಯೇ. ಹೊನ್ನಾವರದ ಕಡೆ ಮರಳಿನಿಂದ ಎದ್ದ ಕಡಲಾಮೆ ಮರಿಗಳು ಬೆಳಕು ಇರುವ ಕಡೆ ಹೋಗುತ್ತವೆ. ಕಡಲಿನ ಬೆಳಕು ಅಂದುಕೊಂಡು ರಸ್ತೆಯ ದೀಪದ ಕಡೆ ಹೋಗಿ ಸಾಯುತ್ತವೆ. ಹೊಳೆಯ ಜೀವಿಗಳ ಕಥೆ ಅಷ್ಟು ನೇರ ಅಲ್ಲ, ಆದರೂ ರಾತ್ರಿ ಓಡಾಡುವವಕ್ಕೆ ಕತ್ತಲೆ ಬೇಕು. ದಂಡೆಗೆ ಹೈಮಾಸ್ಟ್ ದೀಪ ಕೇಳಬೇಡಿ. ಜಾತ್ರೆಯ ದಿನ ಬೇಕಿದ್ದರೆ ಆ ದಿನಕ್ಕೆ ಹಾಕಿ ತೆಗೆದರಾಯಿತು.

ನಿರ್ಧಾರಕ್ಕೆ ಪಂಚಾಯಿತಿಯ ಮುದ್ರೆ

ಮಾತಾದದ್ದನ್ನು ಗ್ರಾಮಸಭೆಯಲ್ಲಿ ಇಟ್ಟು ನಿರ್ಣಯ ಮಾಡಿಸಿ. ನಡಾವಳಿ ಪುಸ್ತಕದಲ್ಲಿ ಬರೆಯುವವರೆಗೆ ಎದ್ದು ಬರಬೇಡಿ. ನಕಾಶೆಯ ಪ್ರತಿಯನ್ನೂ ಅದಕ್ಕೆ ಸೇರಿಸಿ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿಗೆ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರುತ್ತದೆ. ಬಹಳ ಕಡೆ ಅದು ಕಾಗದದಲ್ಲಿ ಮಲಗಿದೆ, ಎಬ್ಬಿಸಿ. ಅದು ಇಡುವ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಿಮ್ಮ ನೋಟ್ ಪುಸ್ತಕದ ವಿವರ ಸೇರಬೇಕು. ಯಾವತ್ತಾದರೂ ದಂಡೆಯ ಮೇಲೆ ಯೋಜನೆ ಬಂದರೆ 'ಇಲ್ಲಿ ನೀರುನಾಯಿ ಇದೆ' ಅಂತ ಬಾಯಲ್ಲಿ ಹೇಳುವುದಕ್ಕೂ ದಾಖಲೆ ತೋರಿಸುವುದಕ್ಕೂ ತುಂಬ ವ್ಯತ್ಯಾಸ ಇದೆ. ಅದೇ ಕಾಯ್ದೆಯಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಲೂ ಅವಕಾಶ ಇದೆ. ನಮ್ಮ ಶಿವಮೊಗ್ಗ ಜಿಲ್ಲೆಯ ಅಂಬಾರಗುಡ್ಡಕ್ಕೆ ಆ ಮನ್ನಣೆ ಸಿಕ್ಕಿದೆ.

ಇನ್ನೂ ಗಟ್ಟಿ ರಕ್ಷಣೆ ಬೇಕು ಅನ್ನಿಸಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಎರಡು ದಾರಿ ಇದೆ. ಸರ್ಕಾರಿ ಜಾಗಕ್ಕೆ ಸಂರಕ್ಷಣಾ ಮೀಸಲು, ಊರಿನವರು ಅಥವಾ ಖಾಸಗಿಯವರು ತಾವಾಗಿ ಬಿಟ್ಟುಕೊಟ್ಟ ಜಾಗಕ್ಕೆ ಸಮುದಾಯ ಮೀಸಲು. ನಮ್ಮ ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿ ತುಂಗಭದ್ರೆಯಾಗಿ ಕೆಳಗೆ ಹೋದ ಮೇಲೆ, ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಮಾಡಿದರು. ಕೆಳಗಿನವರು ಮಾಡಿದ್ದನ್ನು ಮೇಲಿನವರು ಮಾಡಬಾರದು ಅಂತೇನಿಲ್ಲವಲ್ಲ. ಆದರೆ ಮೊದಲೇ ಅಲ್ಲಿಗೆ ಹಾರಬೇಡಿ. ಮೀಸಲು ಅನ್ನುವ ಪದ ಕೇಳಿದರೆ ಮಲೆನಾಡಿನ ರೈತ ಹೆದರುತ್ತಾನೆ, ಅವನ ಹೆದರಿಕೆಗೆ ಕಾರಣವೂ ಇದೆ. ಊರು ನಿಮ್ಮನ್ನು ನಂಬಿದ ಮೇಲೆ, ಯಾರ ಹಕ್ಕು ಏನಾಗುತ್ತದೆ ಅಂತ ಬರವಣಿಗೆಯಲ್ಲಿ ಸ್ಪಷ್ಟ ಮಾಡಿಕೊಂಡು ಆ ಮಾತು ಎತ್ತಿ.

ಕಸ, ಮೈಲುತುತ್ತ

ಕಸದ ವಿಷಯದಲ್ಲಿ ಹೊಸದಾಗಿ ಹೇಳುವುದು ಕಡಿಮೆ. ದಂಡೆಯಲ್ಲಿ ಕಸದ ಡಬ್ಬಿ ಇಡಬೇಡಿ. ತುಂಬಿ ಚೆಲ್ಲುತ್ತದೆ, ನಾಯಿ ಎಳೆದಾಡುತ್ತದೆ, ಒಂದು ನೆರೆ ಬಂದರೆ ಡಬ್ಬಿ ಸಮೇತ ಹೊಳೆಗೆ. ಡಬ್ಬಿ ಮೇಲೆ ರಸ್ತೆಯ ಹತ್ತಿರ, ತಡಮೆಯ ಪಕ್ಕ ಇರಲಿ. ಕೋಳಿ ಮೂಳೆ, ಊಟದ ಎಲೆ ದಂಡೆಯಲ್ಲಿ ಬಿಟ್ಟರೆ ನಾಯಿ, ಕಾಗೆ ಸೇರುತ್ತವೆ, ಅವೇ ಆಮೇಲೆ ಮೊಟ್ಟೆ ತಿನ್ನುತ್ತವೆ. ಸ್ನಾನ ಮಾಡಿ ಉಟ್ಟ ಬಟ್ಟೆಯನ್ನು ಹೊಳೆಯಲ್ಲಿ ಬಿಡುವುದು ಈಗ ಎಲ್ಲ ತೀರ್ಥಗಳಲ್ಲೂ ಬೆಳೆದಿದೆ. ಬೇಡ ಅನ್ನುವ ಮಾತು ಅರ್ಚಕರ ಬಾಯಿಂದ ಬಂದರೆ ನೂರು ಬೋರ್ಡಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಒಡೆದ ಬಾಟಲಿಯನ್ನು ಗೋಣಿಚೀಲ, ದಪ್ಪ ಕೈಗವಸು ಇಟ್ಟುಕೊಂಡು ಹಗಲಿನಲ್ಲಿ ಆರಿಸಿ. ಮಕ್ಕಳಿಗೆ ಈ ಕೆಲಸ ಕೊಡಬೇಡಿ.

ನಾವು ಅಡಿಕೆಯವರು ಮಾಡುವ ಒಂದು ತಪ್ಪಿನ ಬಗ್ಗೆ ಮಾತ್ರ ಬಿಡಿಸಿ ಹೇಳಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮಳೆಗಾಲ ಶುರುವಾಗುವಾಗ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಹೊಡೆದಾದ ಮೇಲೆ ಡ್ರಮ್ಮು, ಪೈಪು ತೊಳೆಯುವುದು ಎಲ್ಲಿ? ಹಳ್ಳದಲ್ಲಿ. ಮೈಲುತುತ್ತದಲ್ಲಿರುವ ತಾಮ್ರ ಮೀನಿಗೆ ವಿಷ. ಅದೇ ದಿನಗಳಲ್ಲೇ ಮೀನು ಮೊಟ್ಟೆ ಇಡಲು ಅದೇ ಹಳ್ಳ ಹತ್ತುತ್ತಿರುತ್ತದೆ. ಡ್ರಮ್ಮನ್ನು ತೋಟದ ಒಳಗೇ, ಹಳ್ಳದಿಂದ ದೂರದಲ್ಲಿ ಗುಂಡಿ ತೋಡಿ ಅದರ ಬಳಿ ತೊಳೆಯಿರಿ. ಉಳಿದ ಮಿಶ್ರಣವನ್ನು ಬಗ್ಗಡ ಅಂತ ಚೆಲ್ಲದೆ ಬಿಟ್ಟುಹೋದ ಮರಗಳಿಗೆ ಹೊಡೆದು ಮುಗಿಸಿ. ಖರ್ಚಿಲ್ಲದ ಕೆಲಸ, ಅದರಿಂದ ಎಷ್ಟು ಜೀವ ಉಳಿಯುತ್ತದೆ!

ಧರೆ ಕುಸಿದರೆ ಸಿಮೆಂಟ್ ಮೊದಲ ಮದ್ದಲ್ಲ

ನೆರೆ ಬಂದು ದಂಡೆ ಕುಸಿದ ಕೂಡಲೇ ತಡೆಗೋಡೆಯ ಮಾತು ಬರುತ್ತದೆ. ಮನೆ, ಸೇತುವೆ, ರಸ್ತೆ ಅಪಾಯದಲ್ಲಿದ್ದರೆ ಗೋಡೆ ಬೇಕೇ ಬೇಕು, ಅದಕ್ಕೆ ಅಡ್ಡಿ ಬರಬೇಡಿ. ಉಳಿದ ಕಡೆ ಬೇರು ಹಿಡಿಯುವ ಮರ ನೆಡಿ. ಹೊಳೆಮತ್ತಿ, ನೇರಳೆ, ಹೊಂಗೆ, ಅತ್ತಿ, ನೀರಿನ ಅಂಚಿಗೆ ನೀರಂಜಿ, ವಾಟೆ. ಸಸಿ ಬೇರೆ ಕಡೆಯಿಂದ ತರುವುದಕ್ಕಿಂತ ನಿಮ್ಮ ಹೊಳೆಯ ಮೇಲ್ದಂಡೆಯ ಮರದ ಬೀಜ ಆರಿಸಿ ಸಸಿ ಮಾಡಿಕೊಳ್ಳಿ. ಅಕೇಶಿಯಾ ನೆಡಬೇಡಿ. ಗೋಡೆ ಕಟ್ಟಿದ ಕಡೆ ಮಿಂಚುಳ್ಳಿಗೆ ತೂತು ಕೊರೆಯಲು ಮಣ್ಣಿಲ್ಲ, ನೀರುನಾಯಿಗೆ ಹತ್ತಲು ಜಾಗ ಇಲ್ಲ, ಆಮೆಗೆ ಮರಳಿಲ್ಲ. ಮರಳು ದಿಬ್ಬದ ಮೇಲೆ ಮಾತ್ರ ಏನನ್ನೂ ನೆಡಬೇಡಿ. ಅದು ಬೋಳಾಗಿ ಇರಬೇಕು.

ಮರಳು ಎತ್ತುವವರು, ತೋಟೆ ಸಿಡಿಸುವವರು

ಇಲ್ಲಿ ಜೀವದ ಪ್ರಶ್ನೆ ಇದೆ. ರಾತ್ರಿ ಹೊತ್ತು ಟ್ರ್ಯಾಕ್ಟರ್ ಸದ್ದು ಕೇಳಿ ಒಬ್ಬರೇ ಟಾರ್ಚ್ ಹಿಡಿದು ಹೋಗಬೇಡಿ. ವಾಹನ ಅಡ್ಡಗಟ್ಟಬೇಡಿ. 112ಕ್ಕೆ ಫೋನ್ ಮಾಡಿ, ಎಷ್ಟು ಹೊತ್ತಿಗೆ ಮಾಡಿದಿರಿ ಅಂತ ಬರೆದಿಟ್ಟುಕೊಳ್ಳಿ. ಬೆಳಗ್ಗೆ ನಾಲ್ಕೈದು ಜನ ಸೇರಿ ಹೋಗಿ ಚಕ್ರದ ಗುರುತು, ಅಗೆದ ಗುಂಡಿಯ ಫೋಟೋ ತೆಗೆದು ತಹಶೀಲ್ದಾರರಿಗೂ ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ಲಿಖಿತ ದೂರು ಕೊಡಿ. ದೂರು ಒಬ್ಬರ ಹೆಸರಿನಲ್ಲಿ ಬೇಡ, ಪಂಚಾಯಿತಿಯದ್ದೋ ಸಂಘದ್ದೋ ಇರಲಿ. ಅಗೆದ ಗುಂಡಿಗಳ ಹತ್ತಿರ ಕೂಡಲೇ ಕೆಂಪು ಬಟ್ಟೆ ಕಟ್ಟಿ. ಮೊಣಕಾಲುದ್ದ ಇದ್ದ ಜಾಗ ಒಂದೇ ರಾತ್ರಿಯಲ್ಲಿ ಆಳೆತ್ತರ ಆಗಿರುತ್ತದೆ, ಮಕ್ಕಳು ಮುಳುಗುವುದು ಅಂಥಲ್ಲೇ.

ತೋಟೆ, ಅಂದರೆ ಸಿಡಿಮದ್ದು, ಸಿಡಿಸಿ, ಇಲ್ಲವೇ ವಿಷ ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಒಂದು ತೋಟೆಗೆ ಮರಿ, ಮೊಟ್ಟೆ, ಏಡಿ ಎಲ್ಲ ಹೋಗುತ್ತದೆ, ಅದನ್ನೇ ನಂಬಿದ ನೀರುನಾಯಿಯ ಊಟವೂ ಹೋಗುತ್ತದೆ. ಬಲೆ, ಗಾಳದವರನ್ನು ಇವರ ಜೊತೆ ಸೇರಿಸಬೇಡಿ. ದಂಡೆಗೆ ಅವರಿಗಿಂತ ಒಳ್ಳೆಯ ಕಾವಲುಗಾರರು ಇಲ್ಲ. ನಮ್ಮಲ್ಲಿ ತೋಟೆ ನಿಲ್ಲಿಸಿದ್ದು ಅವರೇ. ಗಾಯಗೊಂಡ ಅಥವಾ ಬಲೆಗೆ ಸಿಕ್ಕ ಪ್ರಾಣಿ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926.

ಮಳೆ ಹೋದ ಮೇಲೆ ಮತ್ತೆ ಮೊದಲಿನಿಂದ

ಒಂದು ಸಲ ಮಾಡಿ ಮುಗಿಸುವ ಕೆಲಸ ಇದಲ್ಲ. ಪ್ರತಿ ಮಳೆಗಾಲ ಹೊಳೆ ದಂಡೆಯನ್ನು ಹೊಸದಾಗಿ ಬರೆಯುತ್ತದೆ. ಹಲಗೆ ಹೋಗಿರುತ್ತದೆ, ಗೂಟ ಹೋಗಿರುತ್ತದೆ, ದಿಬ್ಬವೇ ಜಾಗ ಬದಲಿಸಿರುತ್ತದೆ. ಆದ್ದರಿಂದ ಬೋರ್ಡಿಗೆ ಕಾಂಕ್ರೀಟ್ ಹಾಕಿ ದುಡ್ಡು ಕಳೆಯಬೇಡಿ. ಪ್ರತಿ ಮೇ ಕೊನೆಗೆ ಹಗ್ಗ, ಹಲಗೆ ಬಿಚ್ಚಿ ಶಾಲೆಯ ಅಟ್ಟಕ್ಕೆ ಹಾಕಿ. ನವೆಂಬರ್‌ನಲ್ಲಿ ನೀರು ಇಳಿಯಲು ಶುರುವಾದ ಮೇಲೆ ಮತ್ತೆ ನಡೆಯಿರಿ. ಆಳ ಎಲ್ಲಿದೆ ಅಂತ ಮೀನು ಹಿಡಿಯುವವರನ್ನು ಕೇಳಿ ಗಳದಿಂದ ಅಳೆದು ಗುರುತು ಹಾಕಿ, ಹಗ್ಗ ಕಟ್ಟಿದ ಒಂದು ಟ್ಯೂಬ್ ಸ್ನಾನದ ಜಾಗದಲ್ಲಿ ತೂಗುಹಾಕಿ. ಆಮೇಲೆ ಜನರ ಜಾಗ, ಸದ್ದಿಲ್ಲದ ಜಾಗ, ನಡುವಿನ ಖಾಲಿ ಜಾಗ, ಈ ಮೂರರ ಗುರುತನ್ನೂ ಹೊಸ ಚಿತ್ರಕ್ಕೆ ಸರಿಸಿ.

ನಮ್ಮ ಪುಸ್ತಕದ ಪ್ರಕಾರ ಹಿಂದಿನ ಸಲ ನವೆಂಬರ್ ಮೊದಲ ಭಾನುವಾರ ಹೊಳೆಮತ್ತಿಯ ಬುಡದಿಂದ ನೀರಿಗೆ 31 ಹೆಜ್ಜೆ. ಈ ಸಲ 24. ಹೊಸ ದಿಬ್ಬ ಸ್ವಲ್ಪ ಕೆಳಗೆ, ಆಚೆ ದಡದ ಕಡೆಗೆ ಸರಿದು ಮೇಲೇಳುತ್ತಿದೆ. ಬಂಡೆಯ ಮೇಲೆ ಏಡಿ ಚಿಪ್ಪಿನ ಹಸಿ ಲದ್ದಿ ಇತ್ತು. ಫೆಬ್ರವರಿ ಕೊನೆಗೆ ಹಗ್ಗವನ್ನು ಆ ಕಡೆಗೇ ಕಟ್ಟಬೇಕು. ಆಚೆ ದಡದ ಊರಿನವರ ಹತ್ತಿರ ಈಗಲೇ ಮಾತಾಡಿಕೊಂಡಿದ್ದೇವೆ.